ಒಂದೇ ಸಲ, ಹೆಚ್ಚೆಂದರೆ ಒಂದು ವರ್ಷ: ಕೀನ್ಯಾದ ಭೂ ಕಾನೂನುಗಳು ಮತ್ತು ಸಂವಿಧಾನದ ಗಡುವು

ಕೀನ್ಯಾದ 2010ರ ಸಂವಿಧಾನವನ್ನು ಓದುವಾಗ ನಮ್ಮಲ್ಲಿ ಹಲವರು ಹಕ್ಕುಗಳ ಅಧ್ಯಾಯದಲ್ಲೇ ನಿಂತುಬಿಡುತ್ತೇವೆ. ಕೊನೆಯ ಪುಟಗಳಲ್ಲಿರುವ ಅನುಸೂಚಿಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಭೂಸುಧಾರಣೆಯ ಮಟ್ಟಿಗೆ ಆ ಸಂವಿಧಾನದ ಜೀವಾಳವಿರುವುದು ಐದನೇ ಅನುಸೂಚಿಯಲ್ಲಿ. ಯಾವ ವಿಧಿಯಡಿ ಯಾವ ಕಾನೂನು ಬರಬೇಕು, ಎಷ್ಟು ಕಾಲದೊಳಗೆ ಬರಬೇಕು ಎಂಬ ಪಟ್ಟಿ ಅದು. ಆ ಗಡುವನ್ನು ವಿಸ್ತರಿಸುವ ಅಧಿಕಾರ 261ನೇ ವಿಧಿಯಲ್ಲಿದೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಇಷ್ಟು ಬಿಗಿ ಏಕೆ ಬೇಕಾಯಿತು ಎಂಬುದಕ್ಕೆ ಹಿನ್ನೆಲೆ ಚಿಕ್ಕದಾಗಿ ತಿಳಿದಿದ್ದರೆ ಸಾಕು. ಬ್ರಿಟಿಷರು 1902 ಮತ್ತು 1915ರ ಶಾಸನಗಳ ಮೂಲಕ ಫಲವತ್ತಾದ ಎತ್ತರದ ಪ್ರದೇಶಗಳನ್ನು ಬಿಳಿಯ ವಲಸಿಗರಿಗೆ ಹಂಚಿದರು. 1963ರಲ್ಲಿ ಸ್ವಾತಂತ್ರ್ಯ ಬಂದರೂ ಹಳೆಯ ಭೂ ಕಾನೂನುಗಳು ಬಹುಮಟ್ಟಿಗೆ ಹಾಗೆಯೇ ಮುಂದುವರಿದವು. ಸಾರ್ವಜನಿಕ ಭೂಮಿ ಪ್ರಭಾವಿಗಳ ಪಾಲಾದ ಬಗೆಯನ್ನು 2004ರ ಎನ್‌ಡುಂಗು ಆಯೋಗದ ವರದಿ ಬಿಚ್ಚಿಟ್ಟಿತು. 2007ರ ಚುನಾವಣೆಯ ನಂತರ ನಡೆದ ಹಿಂಸಾಚಾರದ ಹಿಂದೆಯೂ ಭೂಮಿಯ ಹಳೆಯ ಗಾಯಗಳಿದ್ದವು. ನಾವು ಗಮನಿಸಬೇಕಾದ ಇನ್ನೊಂದು ಸಂಗತಿ: ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆ ಕೀನ್ಯಾದಲ್ಲಿ 2012ರವರೆಗೂ ಜಾರಿಯಲ್ಲಿತ್ತು. ನಾವು ತರಗತಿಯಲ್ಲಿ ಓದುವ ಅದೇ ಕಾಯ್ದೆಯನ್ನು ಅಲ್ಲಿ ರದ್ದುಮಾಡಿದ್ದು ಆ ವರ್ಷದ ಭೂ ನೋಂದಣಿ ಕಾಯ್ದೆ.

ಹೊಸ ಸಂವಿಧಾನ ಜಾರಿಗೆ ಬಂದದ್ದು 2010ರ ಆಗಸ್ಟ್ 27ರಂದು. ಗಡುವಿನ ಎಣಿಕೆ ಶುರುವಾಗುವುದು ಆ ದಿನದಿಂದ. 68ನೇ ವಿಧಿಯಡಿ ಬರಬೇಕಾದ ಭೂ ಕಾನೂನುಗಳಿಗೆ 18 ತಿಂಗಳು, 63ನೇ ವಿಧಿಯ ಸಮುದಾಯ ಭೂಮಿ ಕಾನೂನಿಗೆ ಐದು ವರ್ಷ. 68ನೇ ವಿಧಿಯ ಬೇಡಿಕೆಗಳು ಸಣ್ಣವಲ್ಲ. ಚದುರಿದ ಭೂ ಕಾನೂನುಗಳನ್ನು ಪರಿಷ್ಕರಿಸಿ ಕ್ರೋಡೀಕರಿಸಬೇಕು, ಖಾಸಗಿ ಹಿಡುವಳಿಗೆ ಕನಿಷ್ಠ ಮತ್ತು ಗರಿಷ್ಠ ಮಿತಿ ಹಾಕಬೇಕು, ಹಿಂದೆ ಮಂಜೂರಾದ ಸಾರ್ವಜನಿಕ ಭೂಮಿಯ ಸಕ್ರಮತೆಯನ್ನು ಮರುಪರಿಶೀಲಿಸಲು ದಾರಿ ಮಾಡಿಕೊಡಬೇಕು, ಭೂಮಾಲೀಕ ತೀರಿಕೊಂಡರೆ ಅವನ ಅವಲಂಬಿತರಿಗೆ, ಆ ಜಮೀನಿನಲ್ಲೇ ಬದುಕುತ್ತಿರುವ ಪತಿ ಅಥವಾ ಪತ್ನಿಗೆ ರಕ್ಷಣೆ ಕೊಡಬೇಕು.

261ನೇ ವಿಧಿಯನ್ನು ಓದುವ ಬಗೆ

ಎರಡನೆಯ ಉಪವಿಧಿ ವಿಸ್ತರಣೆಯ ಅಧಿಕಾರವನ್ನು ನ್ಯಾಷನಲ್ ಅಸೆಂಬ್ಲಿಗೆ ಕೊಡುತ್ತದೆ. ಕೊಡುತ್ತಲೇ ಬೇಲಿಯನ್ನೂ ಹಾಕುತ್ತದೆ. ಸದನದ ಎಲ್ಲ ಸದಸ್ಯರ ಮೂರನೇ ಎರಡರಷ್ಟು ಮತ ಬೇಕು, ಹಾಜರಿದ್ದವರ ಮೂರನೇ ಎರಡಲ್ಲ. 2013ರ ನಂತರದ ಅಸೆಂಬ್ಲಿಯಲ್ಲಿ ಸ್ಪೀಕರ್ ಬಿಟ್ಟು 349 ಸದಸ್ಯರು; ಹಾಗಾಗಿ ಕನಿಷ್ಠ 233 ಮತಗಳು ಬೀಳಬೇಕು. ಮತದಾನದ ಹೊತ್ತಿಗೆ ಸದನದಿಂದ ಹೊರಗುಳಿದವನು ವಿರೋಧವಾಗಿ ಮತ ಹಾಕಿದಂತೆಯೇ ಲೆಕ್ಕ. ವಿಸ್ತರಣೆ ಒಂದು ವರ್ಷ ಮೀರುವಂತಿಲ್ಲ. ಮೂರನೆಯ ಉಪವಿಧಿ ಇನ್ನೂ ಎರಡು ಷರತ್ತು ಸೇರಿಸುತ್ತದೆ: ಒಂದು ವಿಷಯಕ್ಕೆ ಒಂದೇ ಸಲ, ಅದೂ ಅಸಾಧಾರಣ ಸಂದರ್ಭವೆಂದು ಸ್ಪೀಕರ್ ಪ್ರಮಾಣೀಕರಿಸಿದಾಗ ಮಾತ್ರ.

ಗಡುವು ಮೀರಿದರೆ? ಯಾವುದೇ ವ್ಯಕ್ತಿ ಹೈಕೋರ್ಟಿಗೆ ಹೋಗಬಹುದು. ಇಷ್ಟು ಅವಧಿಯೊಳಗೆ ಕಾನೂನು ತನ್ನಿ ಎಂದು ನ್ಯಾಯಾಲಯ ಸಂಸತ್ತಿಗೂ ಅಟಾರ್ನಿ ಜನರಲ್‌ಗೂ ಆದೇಶಿಸಬಹುದು. ಅದಕ್ಕೂ ಮಣಿಯದಿದ್ದರೆ ಸಂಸತ್ತನ್ನು ವಿಸರ್ಜಿಸುವಂತೆ ಮುಖ್ಯ ನ್ಯಾಯಮೂರ್ತಿ ಅಧ್ಯಕ್ಷರಿಗೆ ಸಲಹೆ ಕೊಡಬೇಕು, ಅಧ್ಯಕ್ಷರು ವಿಸರ್ಜಿಸಬೇಕು. ನಮ್ಮ ಸಂವಿಧಾನದ ಮೂಲ 45ನೇ ವಿಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎಂದು ಅದು ಹೇಳಿತ್ತು. ಅವಧಿ 1960ಕ್ಕೆ ಮುಗಿಯಿತು, ಯಾರನ್ನೂ ಕೇಳುವ ಹಾಗಿರಲಿಲ್ಲ; ಶಿಕ್ಷಣ ಮೂಲಭೂತ ಹಕ್ಕಾಗಿ ಸಂವಿಧಾನದ ಪಠ್ಯಕ್ಕೆ ಸೇರಲು 2002ರ ತಿದ್ದುಪಡಿಯೇ ಬರಬೇಕಾಯಿತು. ಕೀನ್ಯಾದ ಸಂವಿಧಾನ ರಚಿಸಿದವರು ಗಡುವಿಗೆ ಹಲ್ಲು ಕೊಟ್ಟರು. ಇದು ಈ ಸಂವಿಧಾನದ ದೊಡ್ಡ ಧೈರ್ಯ ಎಂದೇ ನನ್ನ ಅಭಿಪ್ರಾಯ.

ನಡೆದದ್ದೇನು

18 ತಿಂಗಳ ಗಡುವು 2012ರ ಫೆಬ್ರುವರಿ ಕೊನೆಗೆ ಮುಗಿಯುತ್ತಿತ್ತು. ಮಸೂದೆಗಳು ಸಿದ್ಧವಿರಲಿಲ್ಲ ಎಂದಲ್ಲ, ಅವುಗಳ ಮೇಲೆ ಜನರ ಅಭಿಪ್ರಾಯ ಕೇಳಲು ಸಮಯ ಉಳಿದಿರಲಿಲ್ಲ. ಸದನ ಎರಡು ತಿಂಗಳ ವಿಸ್ತರಣೆ ಪಡೆಯಿತು. ಭೂ ಕಾಯ್ದೆ, ಭೂ ನೋಂದಣಿ ಕಾಯ್ದೆ, ರಾಷ್ಟ್ರೀಯ ಭೂ ಆಯೋಗ ಕಾಯ್ದೆ ಈ ಮೂರಕ್ಕೂ ಏಪ್ರಿಲ್ 27ರಂದು ಅಂಕಿತ ಬಿತ್ತು. ವಿಸ್ತರಿಸಿದ ಅವಧಿಯ ಕೊನೆಯ ಅಂಚದು. ಅವಸರದ ಬೆಲೆ ಬೇಗನೆ ಗೊತ್ತಾಯಿತು. ಭೂ ಸಚಿವಾಲಯದ ಅಧಿಕಾರ ಎಲ್ಲಿ ಮುಗಿಯುತ್ತದೆ, ಆಯೋಗದ ಅಧಿಕಾರ ಎಲ್ಲಿ ಆರಂಭವಾಗುತ್ತದೆ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರ ಡಿಸೆಂಬರ್‌ನಲ್ಲಿ ಅದು ಸಲಹಾ ಅಭಿಪ್ರಾಯ ನೀಡಿತು.

ಸಮುದಾಯ ಭೂಮಿಯ ಐದು ವರ್ಷ 2015ರ ಆಗಸ್ಟ್‌ಗೆ ತೀರುತ್ತಿತ್ತು. ಮಾಸಾಯಿ, ಸಂಬೂರು, ತುರ್ಕಾನಾ ಮುಂತಾದ ಪಶುಪಾಲಕ ಜನರಿಗೆ ಇದೇ ಮುಖ್ಯ ಕಾನೂನು. ಅವರ ಹುಲ್ಲುಗಾವಲುಗಳಲ್ಲಿ ಬಹುಪಾಲು ದಶಕಗಳ ಕಾಲ 'ಟ್ರಸ್ಟ್ ಭೂಮಿ'ಯೆಂಬ ಹೆಸರಿನಲ್ಲಿ ಕೌಂಟಿ ಮಂಡಳಿಗಳ ಕೈಯಲ್ಲಿದ್ದವು. ಮಂಡಳಿ ಪರಭಾರೆ ಮಾಡಿದರೆ ದನ ಮೇಯಿಸುವವನಿಗೆ ತೋರಿಸಲು ಪತ್ರವೇ ಇರುತ್ತಿರಲಿಲ್ಲ. ಆ ವರ್ಷ ಅಸೆಂಬ್ಲಿ ಇದಕ್ಕೂ ಬೇರೆ ಕೆಲವು ಕಾನೂನುಗಳಿಗೂ ಪೂರ್ತಿ ಒಂದು ವರ್ಷ ವಿಸ್ತರಣೆ ಪಡೆಯಿತು. ಸಮುದಾಯ ಭೂಮಿ ಕಾಯ್ದೆಗೂ ಭೂ ಕಾನೂನುಗಳ ತಿದ್ದುಪಡಿ ಕಾಯ್ದೆಗೂ ಅಂಕಿತ ಬಿದ್ದದ್ದು 2016ರ ಆಗಸ್ಟ್ 31ರಂದು. ಆರು ವರ್ಷ ಕಾದ ಜನರಿಗೆ ಸಾಮೂಹಿಕ ಹೆಸರಿನಲ್ಲಿ ಭೂಮಿ ನೋಂದಾಯಿಸಿಕೊಳ್ಳುವ ಹಕ್ಕು ಕಾಯ್ದೆಯ ರೂಪದಲ್ಲಿ ಸಿಕ್ಕಿತು.

ಗಡುವು ಹಿಡಿಯಲಾಗದ್ದು

ಎಕರೆ ಮಿತಿಯ ಕಥೆಯನ್ನು ಹತ್ತಿರದಿಂದ ನೋಡಿ. ಕನಿಷ್ಠ, ಗರಿಷ್ಠ ಹಿಡುವಳಿಯನ್ನು ಕಾನೂನು ನಿಗದಿಪಡಿಸಬೇಕು ಎನ್ನುತ್ತದೆ 68ನೇ ವಿಧಿ. 2012ರ ಭೂ ಕಾಯ್ದೆಯ 159ನೇ ಕಲಮು ತೆರೆದರೆ ಅಲ್ಲಿ ಅಂಕಿಯೇ ಇಲ್ಲ. ಮಿತಿ ಎಷ್ಟಿರಬೇಕೆಂದು ತಿಳಿಯಲು ಒಂದು ವರ್ಷದೊಳಗೆ ಸಚಿವರು ವೈಜ್ಞಾನಿಕ ಅಧ್ಯಯನ ನಡೆಸಬೇಕು ಎಂದಷ್ಟೇ ಇದೆ. ಕರ್ನಾಟಕದ ಭೂಸುಧಾರಣೆಯಲ್ಲಿ ಒಂದು ಕುಟುಂಬಕ್ಕೆ ಹತ್ತು ಯೂನಿಟ್, ಒಣಭೂಮಿಯಾದರೆ 54 ಎಕರೆ ಎಂದು ಅಂಕಿಯನ್ನೇ ಬರೆದಿದ್ದರು. ಆ ಅಂಕಿಯನ್ನು ಹಿಡಿದುಕೊಂಡು ವಾದಿಸಬಹುದಿತ್ತು. ಕೀನ್ಯಾದಲ್ಲಿ 2016ರ ತಿದ್ದುಪಡಿ ಬಂದಾಗಲೂ ಅಂಕಿ ಬರಲಿಲ್ಲ. ದೊಡ್ಡ ಜಮೀನ್ದಾರರೇ ರಾಜಕೀಯದ ಮುಂಚೂಣಿಯಲ್ಲಿರುವ ದೇಶದಲ್ಲಿ ಇದನ್ನು ಕೇವಲ ಮರೆವು ಎಂದು ಒಪ್ಪಲು ನನಗೆ ಮನಸ್ಸಾಗುವುದಿಲ್ಲ.

ಇನ್ನು ಆ ಹಲ್ಲು ಎಷ್ಟು ಗಟ್ಟಿ ಎಂಬ ಪ್ರಶ್ನೆ. ಅದರ ಪರೀಕ್ಷೆಯಾದದ್ದು ಭೂಮಿಯ ವಿಷಯದಲ್ಲಿ ಅಲ್ಲ, ಲಿಂಗ ಪ್ರಾತಿನಿಧ್ಯದ ವಿಷಯದಲ್ಲಿ. ಯಾವುದೇ ಒಂದು ಲಿಂಗದವರು ಚುನಾಯಿತ ಸಂಸ್ಥೆಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚಿರಬಾರದು ಎಂಬ ನಿಯಮಕ್ಕೂ 2015ರಲ್ಲಿ ಗಡುವು ವಿಸ್ತರಿಸಿದ್ದರು. ಆದರೂ ಕಾನೂನು ಬರಲಿಲ್ಲ. 2017ರಲ್ಲಿ ಹೈಕೋರ್ಟ್ 60 ದಿನ ಕೊಟ್ಟಿತು. ಕೊನೆಗೆ 2020ರ ಸೆಪ್ಟೆಂಬರ್ 21ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗ ಅವರು ಸಂಸತ್ತನ್ನು ವಿಸರ್ಜಿಸುವಂತೆ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಅವರಿಗೆ ಸಲಹೆ ನೀಡಿದರು. ಹೈಕೋರ್ಟ್ ಅದನ್ನು ತಡೆಹಿಡಿಯಿತು, ಆ ಸಂಸತ್ತು 2022ರ ಚುನಾವಣೆಯವರೆಗೆ ಪೂರ್ಣ ಅವಧಿ ನಡೆಯಿತು. ಪರೀಕ್ಷೆಯಲ್ಲಿ 261ನೇ ವಿಧಿಯ ಬಗ್ಗೆ ಬರೆಯುವಾಗ ಮೂರನೆಯ ಉಪವಿಧಿಗೇ ನಿಲ್ಲಿಸದೆ ಏಳನೆಯದರವರೆಗೂ ಹೋಗಿ, 2020ರ ಈ ಪ್ರಸಂಗವನ್ನೂ 159ನೇ ಕಲಮನ್ನೂ ಉದಾಹರಣೆಯಾಗಿ ಕೊಡಿ.