ಠಾಣೆಯ ಇಂಟರ್ನ್‌ಶಿಪ್: ರೈಟರ್ ಮೇಜಿನಿಂದ ಶುರುವಾಗಲಿ

ಅಪರಾಧಶಾಸ್ತ್ರ ಓದುವ ನಮ್ಮ ಭಾಗದ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಅರ್ಜಿ ಎಡವುವುದು ಹೆಚ್ಚಾಗಿ ವಿಳಾಸದಲ್ಲೇ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಠಾಣೆಗಳು ನವನಗರದ ಪೊಲೀಸ್ ಆಯುಕ್ತರ ಕೈಕೆಳಗಿವೆ. ಕುಂದಗೋಳ, ನವಲಗುಂದ, ಕಲಘಟಗಿಗೆ ಧಾರವಾಡ ಎಸ್‌ಪಿ. ಗದಗ, ಹಾವೇರಿಗೆ ಆಯಾ ಜಿಲ್ಲೆಯ ಎಸ್‌ಪಿ. ನಗರದ ಠಾಣೆ ಬೇಕಾದವರು ಎಸ್‌ಪಿ ಕಚೇರಿಗೆ ಬರೆದರೆ, ಆ ಕಾಗದ ಟಪಾಲಿನಲ್ಲಿ ಸುತ್ತುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಪರಿಚಯದ ಇನ್‌ಸ್ಪೆಕ್ಟರ್ 'ನಾಳೆಯಿಂದ ಬರ್ರಿ' ಅಂದರೂ ಮೇಲಧಿಕಾರಿಯ ಲಿಖಿತ ಅನುಮತಿ ಕೈಯಲ್ಲಿರಲಿ. ಅದಿಲ್ಲದಿದ್ದರೆ ಕೊನೆಗೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಸಿಗುವುದಿಲ್ಲ.

ಅರ್ಜಿಯ ಜೊತೆ ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ ಇರಲಿ. ಎಷ್ಟು ಗಂಟೆ ಎಂಬುದನ್ನೂ ನಮೂದಿಸಿ. ಯುಜಿಸಿ ಲೆಕ್ಕದಲ್ಲಿ 1 ಕ್ರೆಡಿಟ್‌ಗೆ 30 ಗಂಟೆ. 4 ಕ್ರೆಡಿಟ್ ಅಂದರೆ 120 ಗಂಟೆ, ದಿನಕ್ಕೆ 4 ಗಂಟೆಯಂತೆ ಒಂದು ತಿಂಗಳು. ಗಣೇಶ ಹಬ್ಬದ ದಿನಗಳನ್ನು ಮಾತ್ರ ಬಿಡಿ. ಇಡೀ ಹುಬ್ಬಳ್ಳಿ ಠಾಣೆಗಳು ಬಂದೋಬಸ್ತಿಗೆ ಹೋಗಿರುವಾಗ ನಿಮಗೆ ಕಲಿಸಲು ಉಳಿಯುವುದು ಪಹರೆಯವರು ಮಾತ್ರ.

ದಾಳಿ, ಬೆನ್ನಟ್ಟುವಿಕೆ ನೋಡುವ ಆಸೆಯಿಂದ ಬರುವವರೇ ಜಾಸ್ತಿ. ಆದರೆ ಠಾಣೆಯ ಜೀವಾಳ ಇರುವುದು ದಾಖಲೆ, ಕಡತ ಬರೆಯುವ ಸಿಬ್ಬಂದಿಯ, ಅಂದರೆ ರೈಟರ್ ಮೇಜಿನ ಮೇಲೆ. ನ್ಯಾಯಾಲಯದಲ್ಲಿ ಮುಗಿದುಹೋದ ರಾತ್ರಿ ಮನೆಗಳ್ಳತನದ ಒಂದು ಕಡತ ಕೇಳಿ ಪಡೆಯಿರಿ. ತನಿಖೆ ಇನ್ನೂ ನಡೆಯುತ್ತಿರುವ ಪ್ರಕರಣದ ಕೇಸ್ ಡೈರಿ (ತನಿಖಾಧಿಕಾರಿ ದಿನದಿನದ ತನಿಖೆ ಬರೆದಿಡುವ ಪುಸ್ತಕ) ಕೇಳಬೇಡಿ. ಅದನ್ನು ಆರೋಪಿಯೂ ಕೇಳುವಂತಿಲ್ಲ.

ಕಡತದಲ್ಲಿ ಮೊದಲು ಸಮಯಗಳನ್ನು ಹೊಂದಿಸಿ ನೋಡಿ. ಕೃತ್ಯ ನಡೆದ ಹೊತ್ತು, ಠಾಣೆಗೆ ಸುದ್ದಿ ಬಂದ ಹೊತ್ತು, ಠಾಣೆಯ ದಿನಚರಿಯಾದ ಸ್ಟೇಷನ್ ಡೈರಿಯ ನಮೂದು, ಎಫ್‌ಐಆರ್ ನ್ಯಾಯಾಲಯಕ್ಕೆ ಹೊರಟ ಹೊತ್ತು. ಇವೆಲ್ಲ ಎಫ್‌ಐಆರ್ ನಮೂನೆಯಲ್ಲೇ ಇರುತ್ತವೆ. ವಿಳಂಬಕ್ಕೆ ಕಾರಣ ಬರೆಯುವ ಅಂಕಣವನ್ನು ಖಾಲಿ ಬಿಟ್ಟಿದ್ದರೆ ಆರೋಪಿ ಪರ ವಕೀಲರು ಪಾಟೀ ಸವಾಲು ಶುರುಮಾಡುವುದು ಅಲ್ಲಿಂದಲೇ.

ಆಮೇಲೆ ಪಂಚನಾಮೆ, ಅಂದರೆ ಪಂಚರೆಂಬ ಸಾಕ್ಷಿಗಳ ಎದುರು ಸ್ಥಳದಲ್ಲೇ ಬರೆದ ದಾಖಲೆ. ಚಕ್ಕುಬಂದಿ (ಸ್ಥಳದ ನಾಲ್ಕು ದಿಕ್ಕಿನ ಗಡಿ), ನಕಾಶೆ, ಮುರಿದ ಕೀಲಿಯ ವಿವರ ಒಂದಕ್ಕೊಂದು ತಾಳೆಯಾಗುತ್ತವೆಯೇ? ನಕಾಶೆಯಲ್ಲಿ ಬಾಗಿಲು ಪೂರ್ವಕ್ಕಿದ್ದು ಬರಹದಲ್ಲಿ ಉತ್ತರಕ್ಕಿದ್ದರೆ ಪಂಚರು ಸ್ಥಳಕ್ಕೆ ಹೋಗಿದ್ದರೇ ಎಂಬ ಪ್ರಶ್ನೆ ಏಳುತ್ತದೆ. ಕಪಾಟಿನ ಮೇಲೆ ಬೆರಳಚ್ಚು ಸಿಕ್ಕಿದ್ದರೆ ಮನೆಯವರ ಬೆರಳಚ್ಚನ್ನೂ ಹೋಲಿಕೆಗೆ ತೆಗೆದುಕೊಂಡಿದ್ದಾರೆಯೇ ನೋಡಿ. ಎಷ್ಟೋ ಸಲ ಆ ಗುರುತು ಮನೆಯೊಡತಿಯದೇ ಆಗಿರುತ್ತದೆ. ಮುದ್ದೆಮಾಲಿನ, ಅಂದರೆ ಜಪ್ತಿಯಾದ ವಸ್ತುವಿನ ಚೀಟಿಯಲ್ಲಿ ಅಪರಾಧ ಸಂಖ್ಯೆ, ಪಂಚರ ಸಹಿ, ಅರಗಿನ ಮೊಹರು ಇರಬೇಕು. ಆ ಮೊಹರು ಕಳಿಸಿದ ಮಾದರಿ ಮೊಹರಿಗೆ ಹೊಂದದಿದ್ದರೆ ಪ್ರಯೋಗಾಲಯದ ವರದಿ ಎಷ್ಟು ಚೆನ್ನಾಗಿದ್ದರೂ ಅದರ ಬಲ ಕುಸಿಯುತ್ತದೆ.

ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದ 2024ರ ಜುಲೈ 1ರ ನಂತರದ ಕಡತವಾದರೆ ಇನ್ನೆರಡು ಹುಡುಕಿ. ಶೋಧ ಮತ್ತು ಜಪ್ತಿಯ ವಿಡಿಯೊ, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 105ರಂತೆ. ಸಿಸಿಟಿವಿ ದೃಶ್ಯ ಇದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ, ಅದರಲ್ಲಿ ಹ್ಯಾಶ್ ಮೌಲ್ಯ (ಕಡತ ಬದಲಾಗಿದೆಯೇ ಎಂದು ತೋರಿಸುವ ಡಿಜಿಟಲ್ ಗುರುತು). ಪೆನ್‌ಡ್ರೈವ್ ಇದೆ, ಪ್ರಮಾಣಪತ್ರ ಇಲ್ಲ — ಈ ತಪ್ಪು ಇನ್ನೂ ನಿಂತಿಲ್ಲ.

ನಿಮ್ಮ ನೋಟ್‌ಬುಕ್ಕಿನಲ್ಲಿ ಹೆಸರು, ಓಣಿ, ಫೋನ್ ಸಂಖ್ಯೆ ಬರೆಯಬೇಡಿ. ಫಿರ್ಯಾದಿ, ಆರೋಪಿ-1, ಸಾಕ್ಷಿ-2 ಎಂದಿದ್ದರೆ ಸಾಕು. ಮೊಬೈಲಿನಲ್ಲಿ ಕಡತದ ಫೋಟೊ ಬೇಡವೇ ಬೇಡ. ಲೈಂಗಿಕ ಅಪರಾಧದ ಸಂತ್ರಸ್ತೆಯ ಗುರುತು ಪ್ರಕಟಿಸಿದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 72ರಡಿ 2 ವರ್ಷದವರೆಗೆ ಜೈಲು. 'ನಾನು ಇಂಟರ್ನ್ ರೀ' ಅಂದರೆ ವಿನಾಯಿತಿ ಸಿಗುವುದಿಲ್ಲ.

ವರದಿಗೆ 40 ಪುಟದ ಪೊಲೀಸ್ ಇತಿಹಾಸ ಬೇಕಿಲ್ಲ. ಒಂದೇ ಪ್ರಕರಣ, ಅದರ ದಿನಾಂಕ-ಸಮಯಗಳ ಪಟ್ಟಿ, ಎಲ್ಲಿ ತಾಳೆ ತಪ್ಪಿದೆ ಎಂಬ ನಿಮ್ಮ ಟಿಪ್ಪಣಿ. ಕಾಲೇಜಿಗೆ ಕೊಡುವ ಮೊದಲು ಅದನ್ನು ಠಾಣಾಧಿಕಾರಿಗೆ ತೋರಿಸಿ, ಅವರು ತೆಗೆಯಿರಿ ಎಂದದ್ದನ್ನು ತೆಗೆಯಿರಿ.