ದೊಡ್ಡ ತರಗತಿಯಲ್ಲಿ ಯಾರಿಗೆ ಅರ್ಥವಾಗಿಲ್ಲ?

ಮೊದಲ ವರ್ಷದ ಬಿ.ಕಾಂ.ಗೆ 120 ಮಂದಿ ಸೇರಿದರೆ ಎಲ್ಲರೂ ಗದ್ದಲದ ಬಗ್ಗೆಯೇ ಮಾತಾಡುತ್ತಾರೆ. ಗದ್ದಲವನ್ನು ಹೇಗೋ ಅಡಗಿಸಬಹುದು. "ಅರ್ಥ ಆಯ್ತಾ?" ಎಂದಾಗ ಮುಂದಿನ ಎರಡು ಬೆಂಚಿನವರು "ಹೌದು ಸರ್" ಅನ್ನುತ್ತಾರಲ್ಲ, ಅದನ್ನೇ ನಂಬಿ ಮುಂದಿನ ಅಧ್ಯಾಯಕ್ಕೆ ಹೋಗುವುದರಿಂದ ಆಗುವ ನಷ್ಟ ದೊಡ್ಡದು.

ಹಾಜರಿಯನ್ನು ಹೆಸರು ಕೂಗಿ ತೆಗೆದುಕೊಳ್ಳಬೇಡಿ. ಹೆಸರಿಗೆ 4 ಸೆಕೆಂಡ್ ಎಂದರೂ 8 ನಿಮಿಷ ಹೋಯಿತು. ಕೂರುವ ಜಾಗ ಗೊತ್ತು ಮಾಡಿ, ಸಾಲಿಗೊಂದು ಹಾಳೆ ಕಳಿಸಿ, ಖಾಲಿ ಜಾಗ ಎಣಿಸಿ ತಾಳೆ ನೋಡಿ. ಎಣಿಸದಿದ್ದರೆ ಬಾರದವರ ಸಹಿಯೂ ಬೀಳುತ್ತದೆ. ಕೊಡಗಿನ ಮಳೆಗಾಲದಲ್ಲಿ ನಾಪೋಕ್ಲು, ಭಾಗಮಂಡಲದ ಬಸ್ಸು ತಡವಾಗುವುದರಿಂದ ಹಾಳೆಯನ್ನು ಕೊನೆಯ ಹತ್ತು ನಿಮಿಷದಲ್ಲಿ ಕಳಿಸುವುದು ನ್ಯಾಯ.

ಇನ್ನು ಮುಖ್ಯ ವಿಷಯ. ಸುಮಾರು 15 ನಿಮಿಷಕ್ಕೊಮ್ಮೆ ಪಾಠ ನಿಲ್ಲಿಸಿ ಆಯ್ಕೆಗಳಿರುವ ಒಂದು ಪ್ರಶ್ನೆ ಬರೆಯಿರಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಯಂತ್ರ ಬೇಡ. ಎ4 ಹಾಳೆಯನ್ನು ನಾಲ್ಕಾಗಿ ಮಡಚಿ, ಒಂದೊಂದು ಮಗ್ಗುಲಿಗೆ ಅ, ಆ, ಇ, ಈ ಎಂದು ದಪ್ಪಕ್ಕೆ ಬರೆದರೆ ಸಾಕು. ಒಂದು ನಿಮಿಷ ಮಾತಿಲ್ಲದೆ ಯೋಚನೆ. ಆಮೇಲೆ ಎಲ್ಲರೂ ಒಟ್ಟಿಗೆ ಹಾಳೆಯನ್ನು ಎದೆಗೆ ಹಿಡಿಯಬೇಕು. ಕೈ ಎತ್ತಿಸಿದರೆ ಹಿಂದಿನವರು ಮುಂದಿನವರನ್ನು ನೋಡಿಕೊಂಡು ಎತ್ತುತ್ತಾರೆ.

ಉದಾಹರಣೆಗೆ: "ಈ ವರ್ಷ ರೊಬಸ್ಟಾ ಕಾಫಿ ಬೆಲೆ ದುಪ್ಪಟ್ಟಾಯಿತು. ಮುಂದಿನ ಕೊಯ್ಲಿಗೆ ಪೂರೈಕೆ ಏನಾಗುತ್ತದೆ?" ಬೆಲೆ ಏರಿದರೆ ಪೂರೈಕೆ ಏರುತ್ತದೆ ಎಂಬ ನಿಯಮ ಬಾಯಿಪಾಠ ಮಾಡಿದವರು 'ದುಪ್ಪಟ್ಟು' ಹಿಡಿಯುತ್ತಾರೆ. ತೋಟದ ಮನೆಯ ಮಕ್ಕಳಿಗೆ, ಇವತ್ತು ನೆಟ್ಟ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕೆಂದು ಗೊತ್ತು. ಸರಿಯುತ್ತರ ನೂರಕ್ಕೆ 30ರಿಂದ 70ರೊಳಗಿದ್ದರೆ ನೀವು ಬಾಯಿ ಬಿಡಬೇಡಿ; ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಲು ಹೇಳಿ, ಮತ್ತೆ ಹಾಳೆ ಹಿಡಿಸಿ. 30ಕ್ಕಿಂತ ಕಡಿಮೆಯಿದ್ದರೆ ಚರ್ಚೆಯಿಂದ ತಪ್ಪೇ ಹರಡುತ್ತದೆ, ಹಿಂದೆ ಹೋಗಿ ಪಾಠ ಮಾಡಲೇಬೇಕು. ತಪ್ಪು ಆಯ್ಕೆಗಳನ್ನು ಹಳೆಯ ಉತ್ತರಪತ್ರಿಕೆಗಳಿಂದಲೇ ಆರಿಸಿ. ಯಾರೂ ಹಿಡಿಯದ ಆಯ್ಕೆಯಿಂದ ನಿಮಗೇನೂ ತಿಳಿಯುವುದಿಲ್ಲ.

ಈ ಎರಡು ನಿಮಿಷ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯಾವುದರಲ್ಲಾದರೂ ಮಾತಾಡಲಿ. ಇಂಗ್ಲಿಷ್ ಪಠ್ಯದ ಎದುರು ಬಾಯಿ ಕಟ್ಟಿದ ಹುಡುಗಿ ತನ್ನ ಮನೆಮಾತಿನಲ್ಲಿ ಸರಿಯಾದ ಕಾರಣ ಕೊಡುವುದನ್ನು ಇಲ್ಲಿ ಕೇಳುತ್ತೀರಿ.

ತರಗತಿಗೆ ಶೀಟಿನ ಛಾವಣಿಯಿದ್ದರೆ ಜುಲೈ ಮಳೆಗೆ ಏನೂ ಕೇಳಿಸದು. ಮೈಕಿನ ದನಿ ಏರಿಸಿದರೆ ಪ್ರತಿಧ್ವನಿ ಹೆಚ್ಚುತ್ತದೆ ಅಷ್ಟೆ. ಅಂಥ ದಿನಗಳಿಗೆ ಲೆಕ್ಕ ಬಿಡಿಸುವ ಪಾಠ ಇಟ್ಟುಕೊಳ್ಳಿ. ಅಕ್ಷರ ಮೂರು ಬೆರಳಗಲ ಎತ್ತರವಿರಲಿ, ಹಲಗೆಯ ಕೆಳಭಾಗ ಹಿಂದಿನವರಿಗೆ ಕಾಣದು, ಅಲ್ಲಿ ಬರೆಯಬೇಡಿ.

ವಾರಕ್ಕೊಮ್ಮೆ ಕೊನೆಯಲ್ಲಿ ತುಂಡು ಕಾಗದದಲ್ಲಿ 'ಎಲ್ಲಿ ತೊಡಕಾಯಿತು' ಎಂದು ಬರೆಸಿ. ನೂರಿಪ್ಪತ್ತನ್ನೂ ಓದಲು ಹೊರಟರೆ ಎರಡನೇ ವಾರಕ್ಕೇ ಕೈಬಿಡುತ್ತೀರಿ. ಹಿಂದಿನ ಸಾಲುಗಳಿಂದ ಹೆಚ್ಚು ಬರುವಂತೆ ಮೂವತ್ತನ್ನು ಆರಿಸಿ ಓದಿ, ಹೆಚ್ಚು ಜನ ಬರೆದ ಎರಡು ತೊಡಕುಗಳನ್ನು ಮುಂದಿನ ತರಗತಿಯ ಶುರುವಿನಲ್ಲೇ ಬಿಡಿಸಿಕೊಡಿ.