ಫ್ಲೂ ಎಂದರೆ ದೊಡ್ಡ ನೆಗಡಿಯಲ್ಲ

ಕಳೆದ ವಾರ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುವಾಗ, ಪಕ್ಕದಲ್ಲಿದ್ದ ತರುಣ ನಾಲ್ಕು ಬಾರಿ ಸೀನಿ, ಮೂಗೊರೆಸಿಕೊಂಡು, ‘ಫ್ಲೂ ಆಗೇತಿ, ಆಫೀಸಿಗೆ ಹೊಂಟೇನಿ’ ಎಂದು ಫೋನಿನಲ್ಲಿ ಆರಾಮವಾಗಿ ಹೇಳುತ್ತಿದ್ದ. ಅವನಿಗೆ ಆಗಿದ್ದದ್ದು ಬಹುಮಟ್ಟಿಗೆ ನೆಗಡಿ.

ನಮ್ಮ ಕಡೆಯ ಆಡುಮಾತು ಈ ವಿಷಯದಲ್ಲಿ ಪತ್ರಿಕೆಗಳಿಗಿಂತ ಜಾಣ. ನೆಗಡಿ ‘ಆಗೇತಿ’ ಎನ್ನುತ್ತೇವೆ, ಜ್ವರ ‘ಬಂದಾವ’ ಎನ್ನುತ್ತೇವೆ. ಗಂಟಲು ಕೆರೆದು, ಸೀನು ಹತ್ತಿ, ಮೂಗು ಸೋರಿ ನೆಗಡಿ ಮೆಲ್ಲಗೆ ಆಗುತ್ತದೆ. ಅದನ್ನು ತರುವ ವೈರಸ್‌ಗಳು 200ಕ್ಕೂ ಹೆಚ್ಚು, ಅವುಗಳಲ್ಲಿ ರೈನೋವೈರಸ್ ಮುಂದು. ಫ್ಲೂ ಮಾತ್ರ ಬರುತ್ತದೆ: ಮುಂಜಾನೆ ನೆಟ್ಟಗಿದ್ದವನು ಸಂಜೆಗೆ ಚಳಿ, ಜ್ವರ, ಮೈಕೈ ನೋವು, ಒಣಕೆಮ್ಮಿನಿಂದ ಮಲಗಿಬಿಡುತ್ತಾನೆ. ಹಗುರವಾದ ಫ್ಲೂ ನೆಗಡಿಯಂತೆ ಕಾಣುವುದೂ ಉಂಟು, ಆಗ ಪರೀಕ್ಷೆಯಿಂದಲೇ ಖಚಿತವಾಗಬೇಕು.

ಫ್ಲೂವಿನ ಪೂರ್ಣ ಹೆಸರು ‘ಇನ್‌ಫ್ಲುಯೆಂಜಾ’, ಅದು ಇಟಲಿಯ ಮಾತು. ಅದರ ಲ್ಯಾಟಿನ್ ಬೇರಿಗೆ ಒಳಹರಿಯುವುದು ಎಂದರ್ಥ; ನಕ್ಷತ್ರಗಳಿಂದ ಏನೋ ಹರಿದುಬಂದು ಮನುಷ್ಯನನ್ನು ಕಾಡುತ್ತದೆ ಎಂಬ ಹಳೆಯ ನಂಬಿಕೆಯಿಂದ ಅದು ರೋಗದ ಹೆಸರಾಯಿತು. ಅಂದರೆ ಕನ್ನಡದಲ್ಲಿ ಇದಕ್ಕೆ ಸರಿಸಾಟಿ ‘ಗ್ರಹಚಾರ’! 1743ರಲ್ಲಿ ಇಟಲಿಯಲ್ಲಿ ಹಬ್ಬಿದ ಸಾಂಕ್ರಾಮಿಕದ ಸುದ್ದಿಯೊಂದಿಗೆ ಪದ ಇಂಗ್ಲಿಷಿಗೆ ಬಂದಿತು. ಗ್ರಹಗಳ ಮೇಲಿನ ಆರೋಪ ಬಿಟ್ಟು, ಮನುಷ್ಯರಲ್ಲಿ ಇದರ ವೈರಸ್ಸನ್ನು ಗುರುತಿಸಿದ್ದು 1933ರಲ್ಲಿ.

ಕನ್ನಡದಲ್ಲಿ ‘ಶೀತಜ್ವರ’ ಎಂದು ಬರೆಯುವುದನ್ನು ಹೇಗೋ ಒಪ್ಪಬಹುದು, ಅಲ್ಲಿ ಶೀತವೆಂದರೆ ಮೈನಡುಗಿಸುವ ಚಳಿಯೇ ಹೊರತು ಸೋರುವ ಮೂಗಲ್ಲ ಎಂಬುದು ನೆನಪಿದ್ದರೆ. ಆದರೆ ಪದ ಇನ್ನಷ್ಟು ಗಂಭೀರವಾಗಿ ಕೇಳಿಸಲೆಂದೋ ಏನೋ, ಫ್ಲೂಗೆ ‘ವಿಷಮಶೀತ ಜ್ವರ’ ಎಂದು ಬರೆಯುವವರನ್ನು ಏನೆನ್ನಬೇಕು? ಅದು ಟೈಫಾಯ್ಡ್. ಕೆಟ್ಟ ನೀರು, ಕೆಟ್ಟ ಆಹಾರದಿಂದ ಬರುವ, ಆ್ಯಂಟಿಬಯೋಟಿಕ್ ಬೇಕೇಬೇಕಾದ ಬ್ಯಾಕ್ಟೀರಿಯಾದ ರೋಗ. ವಾಂತಿಭೇದಿಗೆ ‘ಹೊಟ್ಟೆ ಫ್ಲೂ’ ಎನ್ನುವುದೂ ಇದೇ ಜಾತಿಯ ತಪ್ಪು. ಅದಕ್ಕೂ ಇನ್‌ಫ್ಲುಯೆಂಜಾಕ್ಕೂ ಸಂಬಂಧವೇ ಇಲ್ಲ.

ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ಔಷಧ ಅಂಗಡಿಯ ಕಟ್ಟೆಗೆ ಆನಿಕೊಂಡು ‘ಫ್ಲೂಕ್ಕ ಒಂದ್ ಆ್ಯಂಟಿಬಯೋಟಿಕ್ ಕೊಡ್ರಿ’ ಎಂದು ಕೇಳುವವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ವೈರಸ್ಸಿಗೆ ಅದು ನಾಟುವುದಿಲ್ಲ, ನೆಗಡಿಗೂ ಇಲ್ಲ, ಫ್ಲೂಗೂ ಇಲ್ಲ. ನೆಗಡಿಗೆ ವಿಶ್ರಾಂತಿ, ಬಿಸಿನೀರು, ಬೇಕಾದರೆ ಮೆಣಸಿನ ಕಷಾಯ ಸಾಕು. ವಾರ, ಹತ್ತು ದಿನಗಳಲ್ಲಿ ಅದು ತಾನೇ ಹೋಗುತ್ತದೆ. ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಔಷಧವಿದೆ, ವೈದ್ಯರು ಬರೆದುಕೊಡಬೇಕು, ರೋಗಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಫಲ. ಆದ್ದರಿಂದ ವೃದ್ಧರು, ಗರ್ಭಿಣಿಯರು, ಚಿಕ್ಕ ಮಕ್ಕಳು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆಯವರು ‘ನಾಕ್ ದಿನಾ ನೋಡೂಣು’ ಎಂದು ಕೂಡಬಾರದು. ಉಸಿರಾಟಕ್ಕೆ ತೊಂದರೆಯಾದರೆ, ಅಥವಾ ಇಳಿದ ಜ್ವರ ಕೆಮ್ಮಿನೊಡನೆ ಮರಳಿ ಏರಿದರೆ ಯಾರೇ ಆಗಲಿ ಆಸ್ಪತ್ರೆಗೆ ಹೋಗಬೇಕು. ಮಕ್ಕಳಿಗೆ ಆ್ಯಸ್ಪಿರಿನ್ ಕೊಡಲೇಬಾರದು.

ಇನ್ನು, ಫ್ಲೂ ಲಸಿಕೆ ಹಾಕಿಸಿಕೊಂಡ ಮೇಲೂ ನೆಗಡಿ ಆಯಿತೆಂದು ದೂರುವವರಿದ್ದಾರೆ. ವರ್ಷಕ್ಕೊಮ್ಮೆ ಹಾಕಿಸಬೇಕಾದ ಆ ಲಸಿಕೆ ಇನ್‌ಫ್ಲುಯೆಂಜಾ ವೈರಸ್ಸಿಗೆ ಮಾತ್ರ. ನೆಗಡಿಯ ಇನ್ನೂರು ವೈರಸ್‌ಗಳ ಗೊಡವೆಗೆ ಅದು ಹೋಗುವುದಿಲ್ಲ.